ಕುಂತು ನೋಡ್ರಿ

ದವಾಖಾನಿ ಡಾಕ್ಟರು ಚೀಟಿ ಮ್ಯಾಲ
ಗುಳಿಗಿ ಮೂರು, ಮುಲಾಮು ಒಂದು,
ಕಡೀಗೆ ‘ಕುರ್ಚಿ’ ಅಂತ ಬರದು ಕೊಟ್ರು.
ದಿನಕ್ಕ ಎಷ್ಟು ಸಲ, ಉಂಡಮ್ಯಾಲೋ, ಉಣ್ಣೋಕಿಂತ ಮೊದಲೋ
ಬರದಿರಲಿಲ್ಲ.

ಹತ್ತೊಂಬತ್ತು ವರ್ಷ ಆತು
ರಾಯಚೂರು ಗಂಜಿನ ಅಡತಿ ಅಂಗಡ್ಯಾಗ ಲೆಕ್ಕ ಬರೀಲಿಕ್ಕೆ ಹತ್ತಿ.
ಸಾವಕಾರ್ರು ಕಟ್ಟಿ ಮ್ಯಾಲ, ಗಾದ್ಯಾಗ, ಲೋಡಿಗೆ ಒರಗಿ;
ನಾನು ಕೆಂಪು ಪ್ಲಾಸ್ಟಿಕ್ ಕುರ್ಚ್ಯಾಗ,
ಸೀಳಿದ ಕಾಲಿಗೆ ತಂತಿ ಬಿಗಿದದ್ದು.
ಕೆಳಗ ಮಡಚಿದ ಗೋಣಿಚೀಲ, ಅದರ ಮ್ಯಾಲ ಹಳೇ ಚಾದರ,
ಸೀಜನ್ನಿನ್ಯಾಗ ಯಾರರ ಕೊಟ್ಟರ ಒಂದು ಹಿಡಿ ಹತ್ತಿ.

ನೋವು ಮೊದಲು ಬಲಗಡಿ ಚಪ್ಪ್ಯಾಗ
ಉದ್ರಿ ಕೇಳಾಕ ಬಂದವನ ಹಂಗ ಹೊರಗ ನಿಂತಿತ್ತು.
ಆಮ್ಯಾಲ ಒಳಗ ಬಂತು. ನೀರು ಕೇಳಿತು.
ಈಗ ತೊಡಿ ಗುಂಟ ಇಳದು ಮೊಣಕಾಲಿನ್ಯಾಗ
ತನ್ನ ಗಂಟು ಇಟ್ಟದ.

ತೀನ್ ಕಂದೀಲ್ ಹತ್ರದ ಅಂಗಡ್ಯಾಗ
ಹಾಳಿ ಸುತ್ತಿದ ಕುರ್ಚಿಗಳು
ಬೀಗರ ಹಂಗ ಬಿಗದು ಕುಂತಿದ್ವು.
ಹುಸೇನಪ್ಪ ಅಂಬೋ ಹುಡುಗ, ಮೀಸಿ ಈಗ ಚಿಗರಾಕ ಹತ್ತೇದ,
ಎತ್ತಿನ ಸಂತ್ಯಾಗ ಹೇಳಿದಂಗ ಒಂದೊಂದರ ಬೆನ್ನು ತಟ್ಟಿ ಹೇಳಿದ:
“ಇದು ಬಾಸ್ ಕುರ್ಚಿರಿ, ರೆಕ್ಸಿನ್ನು. ಕುಂತು ನೋಡ್ರಿ.”
ಮೇ ತಿಂಗಳು. ಹಂಚಿನ ಮ್ಯಾಲಿನ ರೊಟ್ಟಿ ಹಂಗ ಬೆನ್ನು ಅಂಟಿತು.
ಏಳೋವಾಗ ಚರ್ ಅಂತು. ಬ್ಯಾಡ.
“ಇದು ಜಾಳಿಗಿದುರಿ, ಗಾಳಿ ಆಡ್ತದ.”
ಗಾಳಿ ಆಡಿತು, ಖರೇ. ಟೊಂಕ ಮಾತ್ರ ಅಧ್ವಾನಕ್ಕ ಬಿತ್ತು.
ಮುಂದಿಂದು ಗೇಮು ಆಡೋ ಹುಡುಗರದು, ಕೆಂಪು ಕಿವಿ, ಕರೀ ಹೊಟ್ಟಿ;
ರಾಕೆಟ್ಟಿನ್ಯಾಗ ಕೂಡ್ರಿಸಿದ ತೊಗರಿ ಚೀಲ ಆದೆ.
ಅದರ ಮುಂದಿಂದರಾಗ ಕಾಲು ನೆಲ ಮುಟ್ಟಲಿಲ್ಲ.
ನಾನು ನಾಲ್ಕು ಅಡಿ ಹತ್ತು ಇಂಚು.
ಕುರ್ಚಿ ಮಾಡಿದವ್ರು ಯಾವ ಊರಿನವ್ರನ್ನ ಅಳದಿದ್ರೋ.

ಹುಸೇನಪ್ಪ ಬಗ್ಗಿ ಒಂದು ಹಿಡಿ ಒತ್ತಿದ.
ಸುಂಯ್.
ಬಾವ್ಯಾಗ ಕೊಡ ಇಳಿಸಿದಂಗ
ಕುರ್ಚಿ ನನ್ನ ಮೆಲ್ಲಕ ಇಳಿಸಿತು.
ಹಿಮ್ಮಡಿಗೆ ನೆಲ ಸಿಕ್ತು.
ಬೆನ್ನಿನ ಕುಳ್ಯಾಗ ಏನೋ ಬಂದು ಕೈ ಇಟ್ಟಿತು.
ಆ ಜಾಗಕ್ಕ ಹಿಂಗ ಯಾರೂ ಕೈ ಇಟ್ಟಿರಲಿಲ್ಲ,
ಗಂಡ ಇದ್ದಾಗಲೂ.
“ಹತ್ತು ನಿಮಿಷ ಕುಂದ್ರಿ,” ಅಂದ,
“ಚಲೋದು ಮೊದಲ ನಿಮಿಷಕ್ಕ ಗೊತ್ತಾಗಂಗಿಲ್ಲ.”

“ನಿನಗ ಯಾವುದು ಚಲೋ ಅನಸ್ತದ?”
“ನಾ ಯಾವುದರಾಗೂ ಕುಂತಿಲ್ರಿ. ಹಾಳಿ ಹರೀತದ.”
ಆಗ ಅವನ ಕಾಲು ನೋಡಿದೆ.
ಒಂದರ ಮ್ಯಾಲ ಭಾರ ಹಾಕಿ, ಇನ್ನೊಂದು ಕೊಕ್ಕರಿ ಹಂಗ ಮಡಚಿ,
ಮುಂಜಾನಿ ಹತ್ತರಿಂದ.
ಮೂಲ್ಯಾಗ ಕ್ಯಾಮೆರಾದ ಕೆಂಪು ಕಣ್ಣು.
“ನಾ ಕೊಂಡೆ ಅಂದಮ್ಯಾಲ ಹಾಳಿ ನಂದು,” ಅಂದೆ.
ಚರಕ್ ಅಂತ ನಾನೇ ಹರದೆ. “ಈಗ ಕುಂದ್ರು.”
ಕುಂತ, ಅಂಚಿಗೆ, ಬಸ್ಸಿನ್ಯಾಗ ಟಿಕೇಟಿಲ್ಲದವನ ಹಂಗ.
ಹಿಂದ ಒರಗು ಅಂದೆ. ಒರಗಿದ.
“ಅಕ್ಕಾರೆ,” ಅಂದ.
ಅಷ್ಟ.

ಏಳು ಸಾವಿರದ ಎರಡುನೂರು. ನೂರು ಬಿಟ್ರು.
ಆಟೋದಾಗ ಕುರ್ಚಿ ಆರಾಮ ಕುಂತಿತು,
ನಾನು ಡ್ರೈವರ್ ಬಾಜೂಕ ಜೋತಾಡ್ತ.
ಗಂಜಿನ್ಯಾಗ ಹಮಾಲರು ನಕ್ಕರು.
ಚೀಲ ಹೊತ್ತಿದ್ದ ದುರಗಪ್ಪ ಹೊತ್ತಕೊಂಡ ಕೇಳಿದ:
“ಹೊರೋರಿಗೂ ಇಂಥದ್ದೊಂದು ಸಿಗ್ತದೇನವ್ವ?”
ನಾನು ಚಕ್ರ ಒರಸಿದೆ.

ಸಾವಕಾರ್ರು ಕನ್ನಡಕ ಏರಿಸಿ ನೋಡಿದ್ರು.
“ನನಗಿಂತ ಎತ್ತರ ಆತಲ್ಲವ್ವಾ.”
ಹಿಡಿ ಒತ್ತಿದೆ. ಸುಂಯ್. ಒಂದು ಇಂಚು ಇಳದೆ.
ಅವರು ಚಾಕ್ಕ ಹೋದಾಗ ಏರಿಸಿಕೊಂಡೆ.

ಸಂಜೀಕ ರೋಕಡ ಮುಗಿಸಿ ನನ್ನ ಸ್ವಂತ ಪುಸ್ತಕ ತಗದೆ.
ಏಳು ಸಾವಿರದ ನೂರು. ಯಾವ ಬಾಬತ್ತು?
ಪೀಠೋಪಕರಣ ಅಂತ ಬರೀಲಿಕ್ಕೆ ಮನಸಾಗಲಿಲ್ಲ,
ಔಷಧಿ ಅಂದರ ಗುಳಿಗಿ ನಗ್ತಾವ.
ಖಾನಿ ಖಾಲಿ ಬಿಟ್ಟೆ.
ನೋವು ಅಲ್ಲೇ ಅದ, ಹಿಂದಿನ ಬಾಕಿ.
ಇವತ್ತಿನ ಬಡ್ಡಿ ಅಷ್ಟ
ಕೂಡಿಲ್ಲ.