ಯಾವ್ ಅಂದರೆ ಯಾರು

ಸುಂಟಿಕೊಪ್ಪದ ಮೈದಾನದಲ್ಲಿ ಮೈಕು ಹಿಡಿದವನು ನಾನೇ.
ಚೀಟಿಯಲ್ಲಿತ್ತು: ಯಾವ್ ಬೋಟ್ವೆ, ಘಾನಾ, ಇಂಟರ್‌ನ್ಯಾಷನಲ್.
‘ಗೋಲು, ಯಾವ್!’ ಎಂದು ಕೂಗಿದೆ.
‘ಯಾವನಯ್ಯಾ? ಸರಿಯಾಗಿ ಹೇಳು!’
ಸಿಲ್ವರ್ ಓಕ್ ಕಂಬದ ಗ್ಯಾಲರಿ ಪೂರ್ತಿ ನಕ್ಕಿತು.

ಎರಡನೇ ಗೋಲಿಗೆ ಯಾರೂ ಕೇಳಲಿಲ್ಲ.

ಸೆಮಿಫೈನಲ್ ಹೊತ್ತಿಗೆ
ಲೈನ್‌ಮನೆ ಹುಡುಗರ ಬನಿಯನ್ ಬೆನ್ನಿಗೆಲ್ಲ
ಇದ್ದಿಲಿನಲ್ಲಿ ಬರೆದ ಎಂಟು.
ರಜಾಕಣ್ಣ ಅವನ ಕ್ಷೌರಕ್ಕೆ ದುಡ್ಡು ಮುಟ್ಟಲಿಲ್ಲ.
ಹಾಕಿ ಬಿಟ್ಟರೆ ಉಳಿದದ್ದು ಆಟವೇ ಅಲ್ಲ ಅನ್ನುತ್ತಿದ್ದ
ಬೆಳ್ಯಪ್ಪ ಮಾಸ್ಟರು
ಜೀಪಿನ ಬಾನೆಟ್ ಹತ್ತಿ ನಿಂತಿದ್ದರು, ಚಪ್ಪಲಿ ಕೆಳಗಿಟ್ಟು.

ರಾತ್ರಿ ಲಾಡ್ಜಿನಲ್ಲಿ
ಅವನ ಮಂಡಿಗೆ ಐಸು ಕಟ್ಟುತ್ತ ಕೇಳಿದೆ:
ದೇಶಕ್ಕೆ ಎಷ್ಟು ಮ್ಯಾಚು?
ಒಂದು ಬೆರಳೆತ್ತಿದ.
ಆಮೇಲೆ ಅದನ್ನೂ ಅರ್ಧ ಮಡಚಿದ.
ಹನ್ನೊಂದು ನಿಮಿಷ.
ಚೆಂಡು ಎರಡು ಸಲ ಕಾಲಿಗೆ ಸಿಕ್ಕಿತಂತೆ. ಒಂದು ಥ್ರೋ.
ಅಮ್ಮ ಪಕ್ಕದ ಮನೆ ಟೀವಿಯಲ್ಲಿ ನೋಡುತ್ತಿದ್ದಾಗ
ಕರೆಂಟು ಹೋಗಿತ್ತಂತೆ.
‘ಮೈಕಿನಲ್ಲಿ ಹೇಳಬೇಡ’ ಅಂದ.

ಹೇಳಲಿಲ್ಲ.

ಫೈನಲಿನ ಕೊನೆಗೆ ಮಂಜು ಇಳಿಯಿತು.
ಫ್ಲಡ್‌ಲೈಟು ಹಾಲು ಚೆಲ್ಲಿದ ಹಾಗೆ,
ಚೆಂಡು ಕಾಣದು, ಗೋಲ್‌ಪೋಸ್ಟೂ ಕಾಣದು.
ನಾನು ಬಿಡದೆ ಕೂಗಿದೆ:
ಯಾವ್ ತಗೊಂಡ, ಯಾವ್ ತಿರುಗಿದ, ಯಾವ್, ಯಾವ್!
ಅವನೋ ಆಗಲೇ ಹೊರಬಂದು
ನನ್ನ ಮೇಜಿನ ಬುಡದಲ್ಲಿ ಕೂತು
ಬೂಟಿನ ದಾರ ಬಿಚ್ಚುತ್ತಿದ್ದ,
ಕಿವಿಗೊಟ್ಟು.

ಗಡಿಯಾರ ನೋಡಿಕೊಂಡೇ ನಿಲ್ಲಿಸಿದೆ.

ಆ ಹನ್ನೊಂದು ನಿಮಿಷದ ಆಟವನ್ನು
ಕಣ್ಣಾರೆ ಕಂಡವರು
ಈಗಲೂ ಸಂತೆಯಲ್ಲಿ ಸಿಗುತ್ತಾರೆ.
ಬೆಳ್ಯಪ್ಪ ಮಾಸ್ಟರಂತೂ
ಒಣಮೀನಿನ ಅಂಗಡಿ ಮುಂದೆಯೇ
ಒದ್ದು ತೋರಿಸುತ್ತಾರೆ.