ತಿರುಗುವ ಜಾಗ

ಎಷ್ಟು ಎಕರೆ ಸಾರ್, ಎಂದ ಷೋರೂಮಿನ ಹುಡುಗ.
ನಾಲ್ಕೂವರೆ, ಎಂದೆ.
ಬೆಳೆ?
ಹುಲ್ಲು.
ಡೈರಿನಾ ಸಾರ್?
ಅಲ್ಲಪ್ಪ, ಬೇಗೂರು ರಸ್ತೆಯಾಚೆ ನಮ್ಮ ಚರ್ಚಿನ ಸ್ಮಶಾನ.
ಹುಡುಗ ಪೆನ್ನಿನ ಕ್ಯಾಪು ಮುಚ್ಚಿ, ಮತ್ತೆ ತೆಗೆದ.

ಮೂವತ್ತೊಂದು ವರ್ಷ ಡಿಪೋದಲ್ಲಿ
ಬಸ್ಸಿನ ಹೊಟ್ಟೆಯಡಿ ಮಲಗಿದವನು ನಾನು,
ಕೆಮ್ಮು ಕೇಳಿಯೇ ಹೇಳಬಲ್ಲೆ ಯಾವ ನಾಝಲ್ ಕಟ್ಟಿದೆಯೆಂದು.
ಅದಕ್ಕೇ ಕಮಿಟಿ ನನ್ನ ತಲೆಗೆ ಕಟ್ಟಿತು:
ಎರಡರಲ್ಲಿ ಒಂದು ಆರಿಸು, ನವೆಂಬರ್ ಎರಡರೊಳಗೆ.
ಸಕಲ ಮೃತರ ದಿನ ಊರೆಲ್ಲ ಮೇಣದಬತ್ತಿ ಹಿಡಿದು ಬರುತ್ತದೆ.
ಮಂಡಿಯುದ್ದ ಹುಲ್ಲಿನಲ್ಲಿ ಯಾರ ಅಪ್ಪ, ಯಾರ ಅತ್ತೆ,
ಹುಡುಕಿ ಹುಡುಕಿ ಹೋದ ವರ್ಷ
ಆರೋಗ್ಯಮ್ಮ ಬೇರೆಯವರ ಗೋರಿಗೆ ಅತ್ತು ಬಂದಳು.

ಶನಿವಾರ ಬಂದವು ಎರಡೂ, ಟೆಂಪೋ ಮೇಲೆ ಕೂತು.
ಕೆಂಪು ಗಾಡಿ: ಇಪ್ಪತ್ನಾಲ್ಕು ಕುದುರೆ, ಮೂರು ಸಿಲಿಂಡರು,
ನಾಲ್ಕೂ ಚಕ್ರಕ್ಕೆ ಎಳೆತ, ಮುಂದೆ ಮಣ್ಣೆತ್ತುವ ಬಕೆಟ್ಟು,
ಒಂದೇ ಬೆರಳಿಗೆ ಬಗ್ಗುವ ಸ್ಟೇರಿಂಗು.
ಇಂಜಿನ್ ಓಡುತ್ತಿರುವಾಗಲೇ ಬಾನೆಟ್ಟಿನ ಮೇಲೆ
ಐದು ರೂಪಾಯಿ ನಾಣ್ಯ ನೆಟ್ಟಗೆ ನಿಲ್ಲಿಸಿದೆ. ಬೀಳಲಿಲ್ಲ.
ನೀಲಿ: ಹದಿನೈದು ಕುದುರೆ, ಒಂದೇ ಸಿಲಿಂಡರು, ಸಣಕಲು ಮೈ.
ನಾಣ್ಯ ಅಡ್ಡ ಮಲಗಿಸಿದರೂ ನಡೆದುಕೊಂಡು ಹೋಗಿ
ಹುಲ್ಲಿಗೆ ಬಿತ್ತು, ಇನ್ನೂ ಸಿಕ್ಕಿಲ್ಲ.
ಸೀಟಿನ ಮೇಲೆ ಕೂತರೆ ಹಲ್ಲುಸೆಟ್ಟು ಜಪಮಾಲೆ ಹೇಳುತ್ತದೆ.

ಮನಸ್ಸು ಕೆಂಪಿಗೇ ಹೋಗಿತ್ತು. ಸುಳ್ಳು ಯಾಕೆ.
ಮಳೆಗೆ ಕುಸಿದ ಕಾಂಪೌಂಡು, ಮುರಿದ ಕತ್ತಿಕಾಯಿ ಮರ,
ಗುಂಡಿ ತೋಡಿದಾಗ ಮೇಲೆ ಬರುವ ಮಣ್ಣು,
ನಾಲ್ಕು ಜನ ಒಂದು ಬೆಳಗೆಲ್ಲ ಹೊರುವುದನ್ನು
ಒಂದು ಬೀಡಿ ಮುಗಿಯುವಷ್ಟರಲ್ಲಿ ಹೊರುತ್ತದೆ ಆ ಬಕೆಟ್ಟು.

ಚೌರಪ್ಪ ಮಾತಾಡಲಿಲ್ಲ. ಗುಂಡಿ ತೋಡುವ ಚೌರಪ್ಪ.
ಗುದ್ದಲಿ ಕಾವು ತಂದು, ಗೋರಿ ಗೋರಿಯ ನಡುವೆ ಮಲಗಿಸಿ ಅಳೆದ.
ಹೊಸ ಸಾಲು: ಕಾವು, ಮೇಲೆರಡು ಗೇಣು. ಎರಡೂ ಹೋಗುತ್ತವೆ.
ಪ್ಲೇಗಿನ ಕಾಲದ ಸಾಲು: ಕಾವು, ನಾಲ್ಕು ಬೆರಳು.
ನೀಲಿ ಹೋಗಬಹುದು, ಉಸಿರು ಹಿಡಿದು.
ಮಕ್ಕಳ ಸಾಲಿನಲ್ಲಿ ಕಾವು ಮಲಗಲೇ ಇಲ್ಲ,
ಓರೆಯಾಗಿ ಸಿಕ್ಕಿಕೊಂಡಿತು.
ಇಲ್ಲಿ ಕುಡುಗೋಲೇ, ಎಂದ. ಅಷ್ಟೇ.

ಹುಡುಗ ಬಿಡುವವನಲ್ಲ. ಕೆಂಪು ಗಾಡಿಯನ್ನು
ಪಡುವಣ ಮೂಲೆಗೆ ಓಡಿಸಿ ಒಂದೇ ಏಟಿಗೆ ತಿರುಗಿಸಿದ.
ನೋಡಿ ಸಾರ್, ಈ ಖಾಲಿ ಜಾಗ ಒಂದನ್ನ ಹೀಗೇ ಬಿಟ್ಬಿಡಿ,
ಬೆಣ್ಣೆ ಹಾಗೆ ತಿರುಗುತ್ತೆ.
ಒದ್ದೆ ಮಣ್ಣಲ್ಲಿ ಟಯರಿನ ಹಲ್ಲು ಮೂಡಿತ್ತು,
ಫಿಲೋಮಿನಾಳ ಕಲ್ಲಿನ ಎಡಕ್ಕೆ,
ಆರಡಿ ಉದ್ದ, ಎರಡೂವರೆ ಅಗಲ.
ಅದರ ರಸೀತಿ ನಮ್ಮನೆ ಬೀರುವಿನಲ್ಲಿದೆ,
ಕರೆಂಟು ಬಿಲ್ಲುಗಳ ಜೊತೆ.

ಅದು ಬುಕ್ ಆಗಿದೆ, ಎಂದೆ.
ಯಾವಾಗ ಬರ್ತಾರೆ ಸಾರ್?
ಚೌರಪ್ಪ ಕೆಮ್ಮಿದ.
ನೀಲಿ ಎರಡು ಸಲ ಹಿಂದೆ ಮುಂದೆ ಆಡಿ, ಗೊಣಗಿ,
ದಾರಿಯಲ್ಲೇ ತಿರುಗಿಕೊಂಡಿತು.

ಕಮಿಟಿಗೆ ಬರೆದುಕೊಟ್ಟೆ: ನೀಲಿ.
ಡೀಸೆಲ್ ಕಡಿಮೆ ಕುಡಿಯುತ್ತದೆ,
ಬಿಡಿಭಾಗ ಜೆ.ಸಿ. ರಸ್ತೆಯಲ್ಲೇ ಸಿಗುತ್ತದೆ,
ಒಂದೂ ಮುಕ್ಕಾಲು ಲಕ್ಷ ಉಳಿತಾಯ.
ಎಲ್ಲ ನಿಜವೇ.
ಫಾದರ್ ಓದಿ, ಮೆಕ್ಯಾನಿಕ್ಕು ಕೊನೆಗೂ ಮೆಕ್ಯಾನಿಕ್ಕೇ ಎಂದು ನಕ್ಕರು.
ಮಣ್ಣಿಗೇನು ಮಾಡ್ತೀರಿ ಎಂದು ಯಾರೂ ಕೇಳಲಿಲ್ಲ.
ಹಳೆಯ ಹಾಗೇ ನಾಲ್ಕು ಜನ ಹೊರಬೇಕು.
ನನ್ನದನ್ನೂ.

ಅಕ್ಟೋಬರ್ ಇಪ್ಪತ್ತೊಂಬತ್ತು. ಚೌರಪ್ಪ ಸೀಟು ಹತ್ತಿ,
ಕ್ಲಚ್ಚು ಬಿಡಲು ಬಾರದೆ ಮೂರು ಸಲ ಆರಿಸಿಕೊಂಡು,
ನಾಲ್ಕನೆಯದಕ್ಕೆ ಹೊರಟ.
ಪಡುವಣ ಮೂಲೆಯ ಆ ಜಾಗದ ಮೇಲೆ ಒಂದು ಸಲ ಹೋಗಿ,
ಹಿಂದೆ ತಿರುಗಿ ನೋಡಿ, ಬ್ಲೇಡು ಒಂದಂಗುಲ ಇಳಿಸಿ,
ಮತ್ತೊಂದು ಸಲ ಹೋದ.
ಸರಿಯಾಯ್ತಾ ಅಣ್ಣ, ಎಂದು ಕೂಗಿದ.
ಇಂಜಿನ್ನಿನ ಸದ್ದಿಗೆ ಕೇಳಿಸದವನಂತೆ
ನಾನು ಡೀಸೆಲ್ ಕ್ಯಾನಿನ ಮುಚ್ಚಳ ಹುಡುಕುತ್ತಿದ್ದೆ.