ಮಲಗು ಏಳು

ವಾಸ್ಕೋದ ವೇಬ್ರಿಜ್ಜಿನ ಕೋಣೆಯಲ್ಲಿ ಬೆಳಗಿನ ಆರಕ್ಕೆ
ಕಂಪ್ಯೂಟರಿನ ಗುಂಡಿ ಒತ್ತಿದರೆ
ಮೂರು ನಿಮಿಷ ನಲವತ್ತು ಸೆಕೆಂಡು ಏನೂ ಆಗುವುದಿಲ್ಲ.
ಹೊರಗೆ ಲಾರಿಗಳು ಸಾಲು ಹಿಡಿದು
ಹಾರ್ನಿನಲ್ಲೇ ಬೈಯುತ್ತವೆ.
ಮೊದಲನೆಯದು ಕೊಪ್ಪಳದ ಹುಲಗಪ್ಪನದು,
ಅವನು ಬಾಯಲ್ಲೂ ಬೈಯುತ್ತಾನೆ:
"ಏನವಾ, ನಿನ್ನ ಡಬ್ಬಿ ಹಲ್ಲು ತಿಕ್ಕಾಕತ್ತೈತೇನು?"

ಹೆಚ್ಚುಕಡಿಮೆ ಹಾಗೇ.
ಒಳಗೊಂದು ಶೆಲ್ ಸ್ಕ್ರಿಪ್ಟು, ಮುನ್ನೂರ ಹನ್ನೆರಡು ಸಾಲು,
ಒಂದೊಂದು ಸಾಧನವನ್ನೂ ಹೆಸರು ಹಿಡಿದು ಎಬ್ಬಿಸುತ್ತದೆ.
ಪ್ರಿಂಟರಿನ ಡ್ರೈವರ್ ಇದೆಯೇ? ಇದ್ದರೆ ಸರಿ,
ಇಲ್ಲದಿದ್ದರೆ ತಾ. ತಂದೆಯಾ? ಇನ್ನೊಮ್ಮೆ ನೋಡು.
ಬರಲಿಲ್ಲವೇ? ಐದು ಎಣಿಸು. ಮತ್ತೆ ತಾ.
ಕಾರ್ಡ್ ಓದುವ ಯಂತ್ರಕ್ಕೂ ಇದೇ ಮಾತು,
ಗೇಟಿನ ಕ್ಯಾಮೆರಾಕ್ಕೂ ಇದೇ,
ಎಂದೋ ಗುಜರಿಗೆ ಹೋದ ಮೋಡೆಮ್ಮಿಗೂ ಇದೇ:
ಸತ್ತ ಹುಡುಗನ ಹೆಸರನ್ನು ದಿನಾ ಹಾಜರಿಯಲ್ಲಿ ಕರೆದು
ಉತ್ತರಕ್ಕೆ ಮೂವತ್ತು ಸೆಕೆಂಡು ಕಾಯುವ ಮೇಷ್ಟರು.

ಬರೆದವರು ಕಾಯ್ತಾನ್ ರೆಬೆಲೊ.
ಹೋದ ಮೇ ತಿಂಗಳು ನಿವೃತ್ತರಾದಾಗ
ಕುರ್ಚಿ, ಕೀಲಿಗೊಂಚಲು, ಅರ್ಧ ಡಬ್ಬಿ ಸೊಂಟದ ಮುಲಾಮು
ನನಗೆ ಬಿಟ್ಟು ಹೋದರು, ಜೊತೆಗೆ ಇದನ್ನೂ.
ಹದಿನಾರು ವರ್ಷ, ಸಾಧನ ಬಂದ ಹಾಗೆಲ್ಲ ಒಂದು ತೇಪೆ,
ತೇಪೆಗೊಂದು ತೇಪೆ.
ನಮ್ಮವ್ವನ ಕೌದಿಯಾದರೂ ಬೆಚ್ಚಗಿರುತ್ತದೆ.

ಇನ್ನೂರ ಆರನೆಯ ಸಾಲಿನಲ್ಲಿ
ಸ್ಲೀಪ್ ಏಳು, ಎಂದಷ್ಟೇ ಇದೆ.
ಇಂಗ್ಲಿಷಿನಲ್ಲಿ ಏಳು ಸೆಕೆಂಡು ಸುಮ್ಮನಿರು ಎಂದು;
ಕನ್ನಡದಲ್ಲಿ ಓದಿದರೆ ಮಲಗು ಎಂದೂ
ಏಳು ಎಂದೂ ಒಂದೇ ಉಸಿರಿನಲ್ಲಿ.
ಪಕ್ಕದಲ್ಲಿ ಕೊಂಕಣಿ ಟಿಪ್ಪಣಿ:
ಹಾಂಗಾ ಹಾತ್ ಲಾಯ್ನಾಕಾ.
ಇಲ್ಲಿ ಕೈ ಹಚ್ಚಬೇಡ.
ಯಾಕೆ ಎಂದು ಬರೆದಿಲ್ಲ.

ಭಾನುವಾರ ಫ್ಯಾನಿನ ಕೆಳಗೆ ಕೂತು ಶುರು ಮಾಡಿದೆ.
ಮೊದಲು ಸತ್ತವರನ್ನು ಅಳಿಸಿದೆ.
ಆಮೇಲೆ ತಿಳಿಯಿತು, ಇದ್ದವರನ್ನೂ ಕರೆಯಬೇಕಿಲ್ಲ.
ಈಗಿನ ಸಾಧನಗಳು ತಂತಿ ಚುಚ್ಚಿದ ಕೂಡಲೇ
ತಮ್ಮ ಮನೆತನ, ತಮ್ಮ ನಂಬರು ತಾವೇ ಹೇಳುತ್ತವೆ;
ಕರ್ನೆಲ್ಲು ಕೇಳಿಸಿಕೊಂಡು
ತಕ್ಕ ಡ್ರೈವರನ್ನು ತಾನೇ ಕರೆತರುತ್ತದೆ,
ಮದುವೆಮನೆಯ ಬಾಗಿಲಲ್ಲಿ
ಹುಡುಗನ ಸೋದರಮಾವ ನಾನು ಅಂದವನಿಗೆ
ಎಲೆ ಹಾಕಿಸಿದ ಹಾಗೆ.
ನಡುವೆ ನಿಂತು ಕೂಗುವವರು ಯಾಕೆ?
ಅಳಿಸಿದೆ. 'ಇದ್ದರೆ'ಗಳನ್ನು, 'ಇಲ್ಲದಿದ್ದರೆ'ಗಳನ್ನು,
ಒಂದರ ಹೊಟ್ಟೆಯಲ್ಲೊಂದು ಕೂತ 'ಮತ್ತೆ ನೋಡು'ಗಳನ್ನು.
ಸಂಜೆಗೆ ಉಳಿದದ್ದು ಒಂದೇ ಹೆಸರು.

ತೂಕ ತೋರಿಸುವ ಪೆಟ್ಟಿಗೆಯದು.
ಹಳೆಯ ಸೀರಿಯಲ್ ತಂತಿಯ ಮೂಕ,
ನಾನು ಇಂಥವನು ಎನ್ನಲು ಅದಕ್ಕೆ ಬಾರದು.
ಅದನ್ನು ಮಾತ್ರ ಕರೆಯಲೇಬೇಕು.

ಹುರುಪಿನಲ್ಲಿ ಇನ್ನೂರ ಆರನೆಯ ಸಾಲನ್ನೂ ಅಳಿಸಿದೆ.

ಸೋಮವಾರ ಆರಕ್ಕೆ ಗುಂಡಿ ಒತ್ತಿದೆ.
ಹತ್ತೊಂಬತ್ತು ಸೆಕೆಂಡು. ಪರದೆ ಬೆಳಗಿತು.
ಹುಲಗಪ್ಪನಿಗೆ ಬೈಯಲು ಪುರಸೊತ್ತೇ ಸಿಗಲಿಲ್ಲ,
ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿ
ಖಾಲಿ ಲಾರಿ ಏರಿಸಿದ.
ತೂಕ: ಸೊನ್ನೆ.
ಇಳಿಸಿದ, ಏರಿಸಿದ. ಸೊನ್ನೆ.
ಕಿಟಕಿಯಿಂದ ತಲೆ ಹಾಕಿದ:
"ಏನವಾ, ನಾ ಅದೀನೋ ಇಲ್ಲೋ?"

ಕಾಯ್ತಾನರಿಗೆ ಫೋನು ಮಾಡಿದೆ.
ಆ ಕಡೆ ಕೋಳಿಗಳ ಗಲಾಟೆ.
ಏಳು ಸೆಕೆಂಡು ತೆಗೆದೆಯಾ, ಎಂದಷ್ಟೇ ಕೇಳಿದರು.
ಬೈಯಲಿಲ್ಲ. ಪೆಟ್ಟಿಗೆಗೆ ವಯಸ್ಸಾಗಿದೆ ಬಾಯ್, ಅಂದರು.
ಹಲಗೆಯಡಿಯ ನಾಲ್ಕು ಮೂಲೆಗಳಿಂದ
ಭಾರದ ಸುದ್ದಿ ಬಂದು ಮುಟ್ಟುವ ಮೊದಲೇ ಕೇಳಿದರೆ
ಏನೂ ಇಲ್ಲ ಅನ್ನುತ್ತದೆ.
ಒಮ್ಮೆ ಅಂದರೆ ಮುಗಿಯಿತು,
ದಿನವಿಡೀ ಅದನ್ನೇ ಅನ್ನುತ್ತದೆ.

ಏಳನ್ನು ಮರಳಿ ಇಟ್ಟೆ.
ಟಿಪ್ಪಣಿಯನ್ನೂ, ಅವರ ಭಾಷೆಯಲ್ಲೇ;
ಕೆಳಗೆ ನನ್ನದರಲ್ಲಿ, ಯಾಕೆ ಎಂದು.
ಎಲ್ಲ ಸೇರಿ ಒಂಬತ್ತು ಸಾಲು,
ಇಪ್ಪತ್ತಾರು ಸೆಕೆಂಡು.
ಹುಲಗಪ್ಪ ಮತ್ತೆ ಏರಿಸಿದ.
ಒಂಬತ್ತು ಸಾವಿರದ ಎಂಟುನೂರ ನಲವತ್ತು ಕಿಲೋ,
ಅವನೂ, ಕಿವಿಯ ಬೀಡಿಯೂ ಸೇರಿ.